ಬರಬೇಕಾದ ಹಣ

ನನ್ನ ಸೋದರಮಾವ ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಕಾರ್ಖಾನೆ ನಡೆಸುತ್ತಿದ್ದರು. ಕಾರ್ಖಾನೆಯೆಂದರೆ ದೊಡ್ಡ ಮಾತಾಯಿತು. ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ, ಅದರಲ್ಲಿ ಎರಡು ಲೇತುಗಳು, ಒಂದು ತೂತು ಕೊರೆಯುವ ಯಂತ್ರ, ನಾಲ್ವರು ಕೆಲಸಗಾರರು, ಗೋಡೆಯ ಮೇಲೆ ಎಣ್ಣೆಯ ಮಸಿ ಹಿಡಿದ ಒಂದು ಗಣಪತಿಯ ಪಟ. ದೊಡ್ಡ ಕಾರ್ಖಾನೆಯೊಂದಕ್ಕೆ ಬೇಕಾಗುವ ಉಕ್ಕಿನ ಪಿನ್ನುಗಳನ್ನೂ ಬುಷ್ಷುಗಳನ್ನೂ ಕಡೆದು ಕೊಡುವುದು ಅವರ ಕಸುಬು. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ಹಿಂದಕ್ಕೆ ಬರುತ್ತಿತ್ತು. ಮಾವನ ಮಾಲು ಹಾಗೆ ಹಿಂದಕ್ಕೆ ಬಂದದ್ದು ಅಪರೂಪ. ೧೯೮೪ರಲ್ಲಿ ಅವರು ಆ ಕಾರ್ಖಾನೆಯನ್ನು ಮುಚ್ಚಿದರು. ಮುಚ್ಚಿದ ದಿನ ಅವರ ಮೇಜಿನ ಮೇಲೆ ಮುಂದಿನ ಐದು ತಿಂಗಳಿಗೆ ಸಾಲುವಷ್ಟು ಆರ್ಡರುಗಳಿದ್ದವು.

ನಾನಾಗ ಕಾಲೇಜಿನ ಹುಡುಗ. “ಎಷ್ಟು ನಷ್ಟವಾಯಿತು ಮಾವ?” ಎಂದು ಕೇಳಿದೆ. “ನಷ್ಟ ಎಲ್ಲಿ ಬಂತೋ? ಒಂದು ಕಾಸು ನಷ್ಟವಿಲ್ಲ. ಎಲ್ಲಾ ಬರಬೇಕಾದದ್ದೇ” ಎಂದು ಅವರು ಕೆಂಪು ರಟ್ಟಿನ ಖಾತೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಪುಟದ ತುಂಬ ಬಿಲ್ಲಿನ ನಂಬರು, ತಾರೀಕು, ಮೊತ್ತ. ಕೊನೆಯ ಕಲಮಿನಲ್ಲಿ ಮಾತ್ರ ಸಾಲುಸಾಲಾಗಿ ಖಾಲಿ.

ಲಾಭದಲ್ಲಿರುವ ಕಾರ್ಖಾನೆಯನ್ನು ಮುಚ್ಚುವುದೆಂದರೇನು ಎಂಬುದು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗಲು ಹತ್ತು ವರ್ಷ ಬೇಕಾದವು. ಅಷ್ಟು ಹೊತ್ತಿಗೆ ನಾನೇ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಹಣ ಒದಗಿಸುವ ಒಂದು ಕಂಪೆನಿಯ ನೌಕರನಾಗಿದ್ದೆ. ಅಂಥ ಕಂಪೆನಿಗಳು ಏನು ಮಾಡುತ್ತವೆ, ಏನು ಮಾಡಲಾರವು ಎಂಬುದನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಬಿಲ್ಲು ಬಡ್ಡಿಗಳ ಮಾತು ಸಾಹಿತ್ಯಾಸಕ್ತರಿಗೆ ರುಚಿಸುವುದೋ ಇಲ್ಲವೋ ಎಂಬ ಅಳುಕು ನನಗಿದೆ. ಆದರೆ ನಮ್ಮ ಕಥೆ ಕಾದಂಬರಿಗಳಲ್ಲಿ ಸಾಲಕ್ಕೆ ಸಿಕ್ಕ ರೈತನಿಗೆ ದೊರೆತ ಜಾಗ, ತನಗೇ ಬರಬೇಕಾದ ಹಣಕ್ಕೆ ಕಾದು ಕುಳಿತ ಲೇತಿನ ಕೆಲಸದವನಿಗೆ ದೊರೆತಿಲ್ಲ. ಆ ಕಾರಣಕ್ಕಾದರೂ ತುಸು ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಸಣ್ಣ ಕಾರ್ಖಾನೆಯ ಹಣಕಾಸಿಗೆ ಎರಡು ಗಡಿಯಾರಗಳಿವೆ. ಕೊಡಬೇಕಾದ್ದರ ಗಡಿಯಾರ ಬಲು ಚುರುಕು. ಶನಿವಾರ ಸಂಜೆ ಕೂಲಿ ಬಟವಾಡೆಯಾಗಬೇಕು. ಉಕ್ಕಿನ ವ್ಯಾಪಾರಿ ಸಣ್ಣವನಿಗೆ ಕಡ ಕೊಡುವುದಿಲ್ಲ, ರೊಕ್ಕ ಎಣಿಸಿದ ಮೇಲೆಯೇ ಕಂಬಿಯನ್ನು ಗಾಡಿಗೆ ಹಾಕಿಸುತ್ತಾನೆ. ವಿದ್ಯುತ್ತಿನ ಬಿಲ್ಲು ತಪ್ಪಿದರೆ ಫ್ಯೂಸು ಕೀಳುತ್ತಾರೆ. ಬರಬೇಕಾದ್ದರ ಗಡಿಯಾರದ ನಡಿಗೆಯೇ ಬೇರೆ. ಮಾಲು ಮುಟ್ಟಿ, ತಪಾಸಣೆ ಮುಗಿದು, ಬಿಲ್ಲು ಲೆಕ್ಕಪತ್ರ ವಿಭಾಗಕ್ಕೆ ಹೋಗಿ, ಅಲ್ಲಿ ಯಾರದೋ ರುಜುವಿಗೆ ಕಾದು, ಚೆಕ್ಕಾಗಿ ಹೊರಬರುವಾಗ ಮೂರು ತಿಂಗಳು ಕಳೆದರೆ ಅದು ಬೇಗ ಬಂದಂತೆ. ಈ ನಡುವಿನ ಮೂರು ತಿಂಗಳನ್ನು ದಾಟಿಸುವ ಹಣಕ್ಕೆ ದುಡಿಯುವ ಬಂಡವಾಳವೆಂದು ಹೆಸರು. ಮಾವನಲ್ಲಿ ಇಲ್ಲದಿದ್ದುದು ಅದೇ.

ಹಾಗಾದರೆ ಸಾಲ ಕೊಡುವವರು ಇರಲಿಲ್ಲವೇ? ಇದ್ದರು. ೧೯೫೧ರಲ್ಲಿ ರಾಜ್ಯ ಹಣಕಾಸು ನಿಗಮಗಳ ಕಾಯಿದೆಯಾಗಿತ್ತು. ಅದರಂತೆ ನಮ್ಮ ರಾಜ್ಯದ ಹಣಕಾಸು ನಿಗಮ ೧೯೫೯ರಲ್ಲಿ ಹುಟ್ಟಿತ್ತು. ಷೆಡ್ಡು ಕಟ್ಟಲು, ಯಂತ್ರ ಕೊಳ್ಳಲು ವರ್ಷಗಳ ಅವಧಿಯ ಸಾಲ ಕೊಟ್ಟು, ಎಷ್ಟೋ ಮಂದಿ ಕುಶಲ ಕೆಲಸಗಾರರನ್ನು ಒಡೆಯರನ್ನಾಗಿ ಮಾಡಿದ ಕೀರ್ತಿ ಇಂಥ ನಿಗಮಗಳಿಗೆ ಸಲ್ಲಬೇಕು. ಆದರೆ ಅವು ಹುಟ್ಟಿದ್ದು ಮುಖ್ಯವಾಗಿ ಯಂತ್ರದ ಹಣಕ್ಕಾಗಿ. ಯಂತ್ರ ತಿರುಗತೊಡಗಿದ ಮೇಲೆ ಬೇಕಾಗುವ ಹಣಕ್ಕೆ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗಿತ್ತು. ಬ್ಯಾಂಕಿನವರ ಮೊದಲ ಪ್ರಶ್ನೆ, “ಜಾಮೀನಿಗೆ ಏನಿದೆ?” ಮನೆಯ ಪತ್ರ ಮಾವನ ಹೆಸರಿನಲ್ಲಿರಲಿಲ್ಲ. ಅತ್ತೆಯ ಬಳೆಗಳು ಅಡವಾಗಿ ಆಗಲೇ ಎರಡು ವರ್ಷ ಕಳೆದಿದ್ದವು. ದೊಡ್ಡದೊಂದು ಕಾರ್ಖಾನೆ ತನಗೆ ಇಷ್ಟು ಸಾವಿರ ರೂಪಾಯಿ ಕೊಡಬೇಕಾಗಿದೆ, ಅದರ ಕಾಗದ ತನ್ನ ಕೈಯಲ್ಲಿದೆ ಎಂದು ಮಾವ ಹೇಳಿದರೆ, ಆ ಕಾಗದವನ್ನು ಯಾರೂ ಆಸ್ತಿಯೆಂದು ಎಣಿಸಲಿಲ್ಲ.

ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಸಂದಾಯವಾಗದ ಬಿಲ್ಲು ಒಂದು ಆಸ್ತಿ ಹೌದೇ, ಅಲ್ಲವೇ?

ಹಳೆಯ ವ್ಯಾಪಾರಿಗಳು ಇದಕ್ಕೆ ಹೌದೆಂದೇ ಉತ್ತರ ಕೊಟ್ಟಿದ್ದರು. ನಮ್ಮ ಹುಂಡಿ ಮತ್ತೇನು? ಮೂರು ತಿಂಗಳ ಮುದ್ದತಿನ ಹುಂಡಿಯನ್ನು ಇಂದೇ ಸಾಹುಕಾರನ ಕೈಗಿತ್ತರೆ, ಆತ ಮೂರು ತಿಂಗಳ ಬಡ್ಡಿಯನ್ನು ಮುರಿದುಕೊಂಡು ಉಳಿದ ಹಣವನ್ನು ಎಣಿಸುತ್ತಿದ್ದ. ಹೀಗೆ ಮುರಿದುಕೊಳ್ಳುವುದಕ್ಕೆ ಸೋಡಿಯೆಂದು ಹೆಸರು. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ, ಹಳ್ಳಿಗಳಲ್ಲಿ ನೇಯಿಸಿದ ಉಣ್ಣೆಬಟ್ಟೆಯನ್ನು ಲಂಡನ್ನಿನ ಬ್ಲ್ಯಾಕ್‌ವೆಲ್ ಹಾಲ್ ಎಂಬ ಪೇಟೆಯಲ್ಲಿ ಮಾರಿಕೊಡುವ ದಲ್ಲಾಳಿಗಳಿದ್ದರು. ಅವರನ್ನು ಫ್ಯಾಕ್ಟರ್ ಎಂದು ಕರೆಯುತ್ತಿದ್ದರು. ಬಟ್ಟೆ ಮಾರಾಟವಾಗಿ ಹಣ ಕೈಸೇರುವ ಮೊದಲೇ ಅವರು ಬಟ್ಟೆಯ ಯಜಮಾನನಿಗೆ ಮುಂಗಡ ಕೊಡುತ್ತಿದ್ದರು. ಕಾಲಕ್ರಮದಲ್ಲಿ ಬಟ್ಟೆ ಮಾರುವ ಕೆಲಸ ಕಳಚಿಕೊಂಡು ಮುಂಗಡ ಕೊಡುವ, ಬಾಕಿ ವಸೂಲು ಮಾಡುವ ಕೆಲಸವೇ ಕಸುಬಾಗಿ ನಿಂತಿತು. ಇಂದು ಫ್ಯಾಕ್ಟರಿಂಗ್ ಎನ್ನುವುದು ಇದನ್ನೇ. ಒಂದು ಮಾತನ್ನು ಇಲ್ಲಿ ನಡುವೆ ಹೇಳಬಹುದು: ಫ್ಯಾಕ್ಟರಿ ಎಂಬ ಪದಕ್ಕೆ ಮೊದಲು ಯಂತ್ರಗಳ ಸಂಬಂಧವಿರಲಿಲ್ಲ, ಈ ಫ್ಯಾಕ್ಟರುಗಳು ಕುಳಿತು ವ್ಯಾಪಾರ ಮಾಡುವ ಕೋಠಿಗೇ ಆ ಹೆಸರು. ಕಾರವಾರದಲ್ಲಿ ೧೬೩೮ರಲ್ಲಿ ಇಂಗ್ಲಿಷರು ಅಂಥದೊಂದು ಕೋಠಿ ತೆರೆದರು. ಹುಬ್ಬಳ್ಳಿಯ ಕಡೆಯ ನೇಕಾರರು ನೇಯ್ದ ನವುರಾದ ಬಟ್ಟೆ ಅಲ್ಲಿಂದ ಹಡಗು ಹತ್ತುತ್ತಿತ್ತು.

ನಮ್ಮ ದೇಶದಲ್ಲಿ ಇದು ಹೊಸ ರೂಪದಲ್ಲಿ ಬಂದದ್ದು ತೀರ ತಡವಾಗಿ. ರಿಸರ್ವ್ ಬ್ಯಾಂಕು ಸಿ. ಎಸ್. ಕಲ್ಯಾಣಸುಂದರಂ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಅಧ್ಯಯನ ತಂಡ ೧೯೮೮ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ ೧೯೯೧ರಲ್ಲಿ ಪಶ್ಚಿಮ ಭಾರತಕ್ಕೆಂದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯೂ, ದಕ್ಷಿಣಕ್ಕೆಂದು ಕೆನರಾ ಬ್ಯಾಂಕಿನ ಅಂಗಸಂಸ್ಥೆಯಾದ ಕ್ಯಾನ್‌ಬ್ಯಾಂಕ್ ಫ್ಯಾಕ್ಟರ್ಸ್ ಕಂಪೆನಿಯೂ ಹುಟ್ಟಿಕೊಂಡವು. ಎರಡನೆಯದರ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ. ೧೯೯೦ರಲ್ಲಿ ಸ್ಥಾಪನೆಯಾಗಿದ್ದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು, ಅಂದರೆ ಸಿಡ್ಬಿ, ಅದರಲ್ಲಿ ಪಾಲು ತೊಡಗಿಸಿತು. ಮಾವನ ಲೇತುಗಳು ಹರಾಜಾಗಿ ಆಗ ಏಳು ವರ್ಷವಾಗಿತ್ತು. ನಾನು ಸೇರಿದ್ದು ಈ ಎರಡರಲ್ಲಿ ಯಾವುದೂ ಅಲ್ಲ. ಬೇರೊಂದು ಊರಿನ ಖಾಸಗಿ ಕಂಪೆನಿಯೊಂದು ಇದೇ ಕಸುಬಿಗೆ ಬೆಂಗಳೂರಿನಲ್ಲಿ ತೆರೆದ ಚಿಕ್ಕ ಶಾಖೆಯನ್ನು. ಆ ಕಂಪೆನಿ ಈಗ ಇಲ್ಲ, ಹೆಸರು ಬೇಡ.

ಕೆಲಸದ ಬಗೆ ಹೀಗೆ. ನೀವು ಲಕ್ಷ ರೂಪಾಯಿಯ ಮಾಲನ್ನು ದೊಡ್ಡ ಕಾರ್ಖಾನೆಗೆ ಒಪ್ಪಿಸಿ ಬಿಲ್ಲು ಮಾಡಿದ್ದೀರಿ. ಹಣ ಬರುವುದು ಮೂರು ತಿಂಗಳ ಮೇಲೆ. ಆ ಬಿಲ್ಲನ್ನು ಕಂಪೆನಿ ಕೊಳ್ಳುತ್ತದೆ. ಕೊಂಡ ಕೂಡಲೇ ಸಾಮಾನ್ಯವಾಗಿ ನೂರಕ್ಕೆ ೮೦ರಷ್ಟನ್ನು ಮುಂಗಡವಾಗಿ ಕೊಡುತ್ತದೆ. ಮೂರು ತಿಂಗಳಾದ ಮೇಲೆ ದೊಡ್ಡ ಕಾರ್ಖಾನೆಯವರು ಹಣವನ್ನು ನಿಮಗೆ ಬದಲು ಕಂಪೆನಿಗೆ ಸಲ್ಲಿಸುತ್ತಾರೆ. ಕಂಪೆನಿ ತನ್ನ ಬಡ್ಡಿಯನ್ನೂ ಸೇವೆಯ ಶುಲ್ಕವನ್ನೂ ಹಿಡಿದುಕೊಂಡು ಮಿಕ್ಕದ್ದನ್ನು ನಿಮಗೆ ಮುಟ್ಟಿಸುತ್ತದೆ. ಬಡ್ಡಿ ವರ್ಷಕ್ಕೆ ನೂರಕ್ಕೆ ೧೪, ಶುಲ್ಕ ಬಿಲ್ಲಿನ ನೂರಕ್ಕೆ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ೮೦,೦೦೦ ರೂಪಾಯಿಗೆ ಮೂರು ತಿಂಗಳ ಬಡ್ಡಿ ೨,೮೦೦, ಶುಲ್ಕ ೧,೦೦೦, ಒಟ್ಟು ೩,೮೦೦.

ಲಕ್ಷದಲ್ಲಿ ನಿಮ್ಮ ಲಾಭ ೧೦,೦೦೦ವಿದ್ದರೆ ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಇದು ಸುಲಿಗೆಯಲ್ಲವೇ ಎಂದು ಕೇಳುವವರುಂಟು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಆದರೆ ಇನ್ನೊಂದು ಲೆಕ್ಕ ನೋಡಿ. ೯೦,೦೦೦ ರೂಪಾಯಿ ಹೂಡಿ ಒಂದು ತಿಂಗಳು ಮಾಲು ಮಾಡಿ, ಮೂರು ತಿಂಗಳು ಹಣಕ್ಕೆ ಕಾದರೆ, ವರ್ಷಕ್ಕೆ ಮೂರೇ ಸುತ್ತು, ಲಾಭ ೩೦,೦೦೦. ಬಿಲ್ಲನ್ನು ಮಾರಿ ತಿಂಗಳು ತಿಂಗಳೂ ಮಾಲು ಮಾಡಿದರೆ ಹನ್ನೆರಡು ಸುತ್ತು. ಸುತ್ತೊಂದಕ್ಕೆ ೬,೨೦೦ರಂತೆ ೭೪,೪೦೦. ಮೊದಲ ಮೂರು ತಿಂಗಳ ಕೊನೆಯಲ್ಲಿ ಹತ್ತು ಹತ್ತು ಸಾವಿರ ಕೈಯಿಂದ ಸೇರಿಸಬೇಕಾಗುತ್ತದೆ, ಅಷ್ಟೆ. ಆರ್ಡರು ತಿಂಗಳು ತಿಂಗಳೂ ಬರುತ್ತಿರಬೇಕು ಎಂಬ ಷರತ್ತು ಇದ್ದೇ ಇದೆ. ಮಾವನಿಗೆ ಬರುತ್ತಿತ್ತು. ಲಾಭ ನೂರಕ್ಕೆ ನಾಲ್ಕೇ ಇರುವ ಕಸುಬಿನವನಿಗೆ ಮಾತ್ರ ಈ ದಾರಿ ಹೇಳಬಾರದು. ಅವನ ದುಡಿಮೆಯೆಲ್ಲ ಬಡ್ಡಿ ಶುಲ್ಕಗಳಿಗೇ ಸಮವಾಗುತ್ತದೆ. ಇದನ್ನು ಹೇಳದೆ ಗಿರಾಕಿಯನ್ನು ಸೇರಿಸಿಕೊಳ್ಳುವ ಏಜೆಂಟರನ್ನು ನಾನು ಕಂಡಿದ್ದೇನೆ.

ಈ ಏರ್ಪಾಡಿನಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಮತ್ತೊಂದು ಸಂಗತಿ. ಬ್ಯಾಂಕು ಸಾಲಗಾರನ ಮುಖ ನೋಡುತ್ತದೆ, ಅವನ ಮನೆ ಹೊಲಗಳನ್ನು ನೋಡುತ್ತದೆ. ನಾವು ನೋಡುತ್ತಿದ್ದುದು ಮುಖ್ಯವಾಗಿ ಮಾಲು ಕೊಂಡವನನ್ನು. ಕೊಂಡವನು ಮಾತಿಗೆ ನಿಲ್ಲುವವನಾದರೆ, ಮಾರಿದವನಿಗೆ ಗೇಣು ನೆಲವಿಲ್ಲದಿದ್ದರೂ ಅವನ ಬಿಲ್ಲಿಗೆ ಬೆಲೆಯುಂಟು. ಬಡವನೊಬ್ಬ ಸಿರಿವಂತನ ಹೆಸರಿನ ಬಲದ ಮೇಲೆ ಹಣ ಪಡೆಯುವ ದಾರಿ ಇದು. ಅದೂ ಸಿರಿವಂತನ ದಾಕ್ಷಿಣ್ಯಕ್ಕೆ ಬೀಳದೆ, ತಾನು ಮಾಡಿದ ಕೆಲಸದ ಹಕ್ಕಿನಿಂದ.

ಕಾಗದದ ಮೇಲೆ ಇದು ಹೀಗೆ. ನಡೆದದ್ದು ಹೇಗೆಂಬುದನ್ನೂ ಹೇಳಬೇಕು.

ಪೀಣ್ಯದಲ್ಲಿ ಸ್ಪ್ರಿಂಗ್ ತಯಾರಿಸುವ ಒಬ್ಬರಿದ್ದರು. ಕೆಲಸ ಅಚ್ಚುಕಟ್ಟು, ಲೆಕ್ಕ ಶುದ್ಧ. ಅವರ ಬಿಲ್ಲುಗಳನ್ನು ಕೊಳ್ಳಲು ನಮ್ಮ ಕಂಪೆನಿ ಒಪ್ಪಿತು. ಬಿಲ್ಲು ಕೈಬದಲಾಯಿಸಿದೆ, ಹಣವನ್ನು ಇನ್ನು ಮುಂದೆ ನಮಗೆ ಸಲ್ಲಿಸಬೇಕು ಎಂದು ಕೊಂಡವರಿಗೆ ತಿಳಿಸುವ ಕಾಗದಕ್ಕೆ ಅವರ ರುಜು ಬೇಕಾಗಿತ್ತು. ಅದನ್ನು ಓದಿದವರೇ ಮಡಿಸಿ ನನ್ನ ಮುಂದಿಟ್ಟರು. “ಸಾರ್, ಅವರಿಗೆ ಮಾತ್ರ ಈ ಕಾಗದ ಕಳಿಸಬೇಡಿ. ಇವನ ಕೈಯಲ್ಲಿ ಏನೂ ಇಲ್ಲ ಅಂತ ಅವರಿಗೆ ಗೊತ್ತಾದರೆ ಮುಂದಿನ ಆರ್ಡರಿಗೆ ರೇಟು ಕಡಿಸುತ್ತಾರೆ.” ಬಾಕಿ ಕೊಡದೆ ಇದ್ದವರಿಗೆ ನಾಚಿಕೆಯಿಲ್ಲ, ಬಾಕಿ ಬರಬೇಕಾದವರಿಗೆ ನಾಚಿಕೆ. ಎಷ್ಟೋ ಕಡೆ ನಾನು ಇದನ್ನು ಕಂಡೆ. ದೊಡ್ಡವರೂ ಸುಲಭವಾಗಿ ಒಪ್ಪುತ್ತಿರಲಿಲ್ಲ. ಬಿಲ್ಲು ಸರಿಯಾಗಿದೆ, ಇಂಥ ದಿನ ಸಲ್ಲಿಸುತ್ತೇವೆ ಎಂದು ಬರೆದುಕೊಟ್ಟರೆ ಅವರ ಕೈ ಕಟ್ಟಿಹಾಕಿದಂತಾಗುತ್ತಿತ್ತು. ಕಾಯಿಸುವುದರಲ್ಲಿ ಅವರಿಗೆ ಲಾಭವಿತ್ತು. ಸಣ್ಣವನ ಮೂರು ತಿಂಗಳ ಹಣ ಅವರಿಗೆ ಬಡ್ಡಿಯಿಲ್ಲದ ಸಾಲ, ಜಾಮೀನು ಕೇಳದ ಸಾಲ.

ಎರಡನೆಯದು ನನ್ನ ಕೈಯಿಂದಲೇ ಆದದ್ದು. ಬಿಲ್ಲು ಕೊಳ್ಳುವುದರಲ್ಲಿ ಎರಡು ಬಗೆ. ಕೊಂಡವನು ಹಣ ಕೊಡದೆ ಹೋದರೆ ನಷ್ಟವನ್ನು ಕಂಪೆನಿಯೇ ಹೊರುವುದು ಒಂದು. ಬಿಲ್ಲು ಮಾರಿದವನ ಮೇಲೆಯೇ ತಿರುಗಿ ಬೀಳುವುದು ಇನ್ನೊಂದು. ನಮ್ಮ ಕಂಪೆನಿಯ ಕರಾರುಗಳು ಎರಡನೆಯ ಬಗೆಯವು. ಪೆಟ್ಟಿಗೆ ತಯಾರಕರೊಬ್ಬರ ಬಿಲ್ಲುಗಳನ್ನು ಕೊಂಡಿದ್ದೆವು. ಮಾಲು ಕೊಂಡ ಸಂಸ್ಥೆ ಮಾಲಿನಲ್ಲಿ ದೋಷವಿದೆಯೆಂದು ತಗಾದೆ ಎತ್ತಿ ಸಂದಾಯ ನಿಲ್ಲಿಸಿತು. ದೋಷವಿತ್ತೋ ಇಲ್ಲವೋ ನಿರ್ಣಯಿಸಲು ನಾವಾರೂ ಹೋಗಲಿಲ್ಲ. ಮುಂಗಡವನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕೆಂದು ಆ ಪೆಟ್ಟಿಗೆಯವರಿಗೆ ಪತ್ರ ಬರೆದವನು ನಾನು. ಆ ಹಣ ಆಗಲೇ ರಟ್ಟಾಗಿ, ಕೂಲಿಯಾಗಿ ಕರಗಿಹೋಗಿತ್ತು. ಆರು ತಿಂಗಳಲ್ಲಿ ಅವರು ಹಣ ಕಟ್ಟಿ ಮುಗಿಸಿದರು. ಏನನ್ನು ಮಾರಿ ಕಟ್ಟಿದರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಿಲ್ಲು ಕೊಳ್ಳುತ್ತೇವೆ ಎಂದು ಹೇಳಿ ನಾವು ಕೊಟ್ಟದ್ದು ಸಾಲವನ್ನೇ ಎಂಬುದು ಅಂದು ನನಗೆ ತಿಳಿಯಿತು. ಈಗ ಇಂಥ ಕಂಪೆನಿಯ ಬಾಗಿಲಿಗೆ ಹೋಗುವವರು ಯಾರಾದರೂ ನನ್ನ ಸಲಹೆ ಕೇಳಿದರೆ, ಬಡ್ಡಿಯ ದರಕ್ಕಿಂತ ಮೊದಲು ಕರಾರಿನ ಈ ಒಂದು ಕಲಮನ್ನು ಓದಿ ಎನ್ನುತ್ತೇನೆ.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. ಸಣ್ಣ ಉದ್ಯಮಗಳ ಬಾಕಿಗೆ ಬಡ್ಡಿ ಕೊಡಬೇಕೆಂದು ೧೯೯೩ರಲ್ಲಿಯೇ ಒಂದು ಕಾಯಿದೆಯಾಯಿತು. ಅದರ ಸ್ಥಾನದಲ್ಲಿ ೨೦೦೬ರಲ್ಲಿ ಇನ್ನೂ ಬಲವಾದದ್ದು ಬಂತು. ಅದರ ಪ್ರಕಾರ ಕರಾರು ಏನೇ ಇರಲಿ, ಕಿರು ಮತ್ತು ಸಣ್ಣ ಉದ್ಯಮದವರ ಹಣವನ್ನು ಮಾಲು ಒಪ್ಪಿದ ೪೫ ದಿನಗಳೊಳಗೆ ಸಲ್ಲಿಸಬೇಕು. ಬರವಣಿಗೆಯ ಕರಾರೇ ಇಲ್ಲದಿದ್ದರೆ ೧೫ ದಿನಗಳೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕು ಗೊತ್ತುಮಾಡಿದ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳು ತಿಂಗಳೂ ಚಕ್ರಬಡ್ಡಿ. ದೂರು ಕೇಳಲು ರಾಜ್ಯಗಳಲ್ಲಿ ಮಂಡಲಿಗಳಿವೆ. ಮಂಡಲಿಯ ತೀರ್ಪನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ಕೊಂಡವನು ಮೊದಲು ತೀರ್ಪಿನ ಮೊತ್ತದಲ್ಲಿ ನೂರಕ್ಕೆ ೭೫ರಷ್ಟನ್ನು ಠೇವಣಿ ಇಡಬೇಕು. ಇದಕ್ಕಿಂತ ಕಟುವಾದ ಕಾನೂನು ಬೇಕೆನ್ನುವಂತಿಲ್ಲ. ಆದರೆ ಕಾನೂನನ್ನು ಎತ್ತಬೇಕಾದವನು ಸ್ಪ್ರಿಂಗಿನ ಯಜಮಾನರೇ ತಾನೇ? ಒಂದು ಬಿಲ್ಲಿಗೆ ದೂರು ಕೊಟ್ಟು ಗೆದ್ದವನು ಮುಂದಿನ ಹತ್ತು ಆರ್ಡರುಗಳನ್ನು ಸೋಲುತ್ತಾನೆ. ಇನ್ನು ಕೊಡದೆ ಇರುವುದು ಎಷ್ಟೋ ವೇಳೆ ಸರ್ಕಾರದ್ದೇ ಇಲಾಖೆಯಾಗಿರುತ್ತದೆ. ಅದರ ವಿರುದ್ಧ ಅರ್ಜಿ ಹಿಡಿದು ನಿಲ್ಲುವ ಎದೆ ಎಷ್ಟು ಜನಕ್ಕುಂಟು?

೨೦೨೩ರ ಹಣಕಾಸು ಕಾಯಿದೆ ಬೇರೆ ಹಾದಿ ಹಿಡಿಯಿತು. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ನಿಜವಾಗಿ ಕೊಡುವ ತನಕ, ಕೊಂಡವನು ತನ್ನ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂದು ಅದು ವಿಧಿಸಿತು. ೨೦೨೪ರ ಏಪ್ರಿಲ್ ಒಂದರಿಂದ ಅದು ಜಾರಿಗೆ ಬಂತು. ಸಣ್ಣವನು ಬಾಯಿ ತೆರೆಯಬೇಕಾಗಿಲ್ಲ, ದೊಡ್ಡವನ ಆಡಿಟರೇ ಎಚ್ಚರಿಸುತ್ತಾನೆ. ಜಾಣತನದ ಏರ್ಪಾಡೆಂದು ನನ್ನ ಭಾವನೆ. ಗಡುವಿನ ತಂಟೆಯೇ ಬೇಡವೆಂದು ಸಣ್ಣವರನ್ನು ಬಿಟ್ಟು ಬೇರೆಯವರಿಂದ ಮಾಲು ಕೊಂಡಾರು ಎಂಬ ಆತಂಕವೂ ಆಗ ಕೇಳಿಬಂತು. ಸಣ್ಣವರೆಂದರೆ ಯಾರು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ೨೦೨೫ರ ಏಪ್ರಿಲ್‌ನಿಂದ ಜಾರಿಗೆ ಬಂದ ಅಳತೆಯಂತೆ ಯಂತ್ರೋಪಕರಣಗಳಲ್ಲಿ ೨೫ ಕೋಟಿ ರೂಪಾಯಿ ತೊಡಗಿಸಿ, ವರ್ಷಕ್ಕೆ ೧೦೦ ಕೋಟಿ ವಹಿವಾಟು ನಡೆಸುವವರೂ ಸಣ್ಣವರೇ. ಮಧ್ಯಮರ ಮಿತಿ ೧೨೫ ಕೋಟಿ, ೫೦೦ ಕೋಟಿ. ಕಿರು ಉದ್ಯಮಕ್ಕೇ ಎರಡೂವರೆ ಕೋಟಿಯವರೆಗೆ ಅವಕಾಶವಿದೆ. ಈ ತಕ್ಕಡಿಯಲ್ಲಿ ಮಾವನ ಎರಡು ಲೇತುಗಳು ತೂಗುವಷ್ಟೂ ಇರಲಿಲ್ಲ.

ಫ್ಯಾಕ್ಟರಿಂಗಿಗೆ ೨೦೧೧ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು, ೨೦೨೧ರಲ್ಲಿ ತಿದ್ದುಪಡಿಯಾಗಿ ಹೆಚ್ಚು ಕಂಪೆನಿಗಳಿಗೆ ಈ ಕಸುಬು ತೆರೆಯಿತು. ಇವೆಲ್ಲಕ್ಕಿಂತ ನನಗೆ ಭರವಸೆ ಹುಟ್ಟಿಸಿದ್ದು ಟ್ರೆಡ್ಸ್ ಎಂಬ ಹೊಸ ಪೇಟೆ. ರಿಸರ್ವ್ ಬ್ಯಾಂಕು ೨೦೧೪ರ ಡಿಸೆಂಬರಿನಲ್ಲಿ ಅದರ ನಿಯಮಗಳನ್ನು ಪ್ರಕಟಿಸಿತು; ಸಿಡ್ಬಿ ಮತ್ತು ರಾಷ್ಟ್ರೀಯ ಷೇರುಪೇಟೆ ಕೂಡಿ ಕಟ್ಟಿದ ಸಂಸ್ಥೆ ೨೦೧೭ರ ಜನವರಿಯಲ್ಲಿ ಬಾಗಿಲು ತೆರೆಯಿತು. ಆಮೇಲೆ ಬೇರೆಯವೂ ಬಂದವು. ಇಲ್ಲಿ ಕಾಗದವಿಲ್ಲ. ಸಣ್ಣವನು ತನ್ನ ಬಿಲ್ಲನ್ನು ಕಂಪ್ಯೂಟರಿನಲ್ಲಿ ಏರಿಸುತ್ತಾನೆ. ಕೊಂಡವನು ಅಲ್ಲಿಯೇ ಒಪ್ಪಿಗೆ ಒತ್ತುತ್ತಾನೆ. ಬ್ಯಾಂಕುಗಳೂ ಫ್ಯಾಕ್ಟರುಗಳೂ ಆ ಬಿಲ್ಲಿಗೆ ಸವಾಲು ಕೂಗುತ್ತಾರೆ. ಯಾರು ಕಡಮೆ ಸೋಡಿಗೆ ಒಪ್ಪುತ್ತಾರೋ ಅವರಿಗೆ ಬಿಲ್ಲು. ಮುಖ್ಯವಾದ ಮಾತೆಂದರೆ, ಕೊಂಡವನು ತಪ್ಪಿದರೆ ಮಾರಿದವನ ಮೇಲೆ ತಿರುಗಿ ಬೀಳುವಂತಿಲ್ಲ. ನಾನು ಪೆಟ್ಟಿಗೆಯವರಿಗೆ ಬರೆದಂಥ ಪತ್ರವನ್ನು ಇಲ್ಲಿ ಯಾರೂ ಬರೆಯಲಾರರು. ದೊಡ್ಡವರು ತಾವಾಗಿ ಬರಲಿಲ್ಲವಾದ್ದರಿಂದ, ವರ್ಷಕ್ಕೆ ೫೦೦ ಕೋಟಿ ರೂಪಾಯಿಗೆ ಮೀರಿ ವಹಿವಾಟುಳ್ಳ ಕಂಪೆನಿಗಳೆಲ್ಲ ಇದರಲ್ಲಿ ಹೆಸರು ನೋಂದಾಯಿಸಬೇಕೆಂದು ೨೦೧೮ರಲ್ಲಿ ಸರ್ಕಾರ ಆಜ್ಞೆ ಮಾಡಿತು. ೨೦೨೪ರಲ್ಲಿ ಆ ಮಿತಿಯನ್ನು ೨೫೦ ಕೋಟಿಗೆ ಇಳಿಸಿತು. ನೋಂದಾಯಿಸುವುದು ಬೇರೆ, ಬಂದ ಬಿಲ್ಲಿಗೆ ಒಪ್ಪಿಗೆ ಒತ್ತುವುದು ಬೇರೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ಪ್ರಿಂಗಿನ ಯಜಮಾನರನ್ನು ಹೋದ ವರ್ಷ ಮತ್ತೆ ಕಂಡೆ. ತಲೆ ಪೂರ್ತಿ ನರೆತಿದೆ. ಕಾರ್ಖಾನೆಯನ್ನು ಈಗ ಮಗಳು ನೋಡಿಕೊಳ್ಳುತ್ತಾಳೆ. ನನ್ನನ್ನು ಗುರುತು ಹಿಡಿದು ಕಾಫಿ ತರಿಸಿದರು. ಮಗಳು ಮೊಬೈಲಿನಲ್ಲಿ ಒಂದು ಬಿಲ್ಲನ್ನು ತೋರಿಸಿದಳು. ಸೋಮವಾರ ಏರಿಸಿದ್ದು, ಬುಧವಾರ ಒಪ್ಪಿಗೆಯಾಗಿ ಗುರುವಾರ ಹಣ ಖಾತೆಗೆ ಬಿದ್ದಿತ್ತು. ಸೋಡಿಯ ದರ ನಾವು ಆ ಕಾಲದಲ್ಲಿ ಹಿಡಿಯುತ್ತಿದ್ದುದಕ್ಕಿಂತ ಎಷ್ಟೋ ಕಡಮೆ. “ನಿಮ್ಮಿಂದ ಮಾಲು ಕೊಳ್ಳುವವರೆಲ್ಲ ಇದರಲ್ಲಿದ್ದಾರೇನಮ್ಮ?” ಎಂದು ಕೇಳಿದೆ.

“ಐದರಲ್ಲಿ ಇಬ್ಬರು, ಅಂಕಲ್.”

“ಮಿಕ್ಕವರದು?”

ಅವಳು ತಂದೆಯ ಕಡೆ ನೋಡಿದಳು. ಅವರು ನಗುತ್ತ ಎದ್ದು ಗೋಡೆಯ ಮೊಳೆಯಿಂದ ಸ್ಕೂಟರಿನ ಕೀಲಿಯನ್ನು ತೆಗೆದುಕೊಂಡರು. ಆ ಮೂವರಲ್ಲಿ ಒಬ್ಬರ ಲೆಕ್ಕಪತ್ರ ವಿಭಾಗದವರು ಮಾಲು ಕೊಟ್ಟವರನ್ನು ಒಳಗೆ ಬಿಡುವುದು ವಾರಕ್ಕೆ ಒಂದೇ ದಿನ, ಮೂರರಿಂದ ಐದು ಗಂಟೆಯವರೆಗೆ. ಆಗ ಎರಡೂವರೆಯಾಗಿತ್ತು.